ಸವೆದ ಸೀರೆ, ಬಿಳುವ ಹಲಸು

ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಬೀದಿಗೆ ಬಂದಾಗ ನಡೆಯುವ ಚೌಕಾಸಿಯನ್ನು ಒಮ್ಮೆ ನಿಂತು ನೋಡಬೇಕು. ಜರಿ ಸೀರೆ, ಪಾಲಿಯೆಸ್ಟರ್ ಪ್ಯಾಂಟು, ಗುಂಡಿ ಉದುರದ ಶರ್ಟು ಮೊದಲು ಗಂಟಿಗೆ ಸೇರುತ್ತವೆ. ವರ್ಷಗಟ್ಟಲೆ ಉಟ್ಟು, ಒಗೆದು, ಬಣ್ಣ ಬಿಳಿಚಿಕೊಂಡ ಹತ್ತಿ ಸೀರೆಯನ್ನು ಮಾತ್ರ ಎರಡು ಬೆರಳಲ್ಲಿ ಎತ್ತಿ ನೋಡಿ, ‘ಇದು ಬೇಡಕ್ಕ, ನೆಲ ಒರೆಸೋಕೆ ಇಟ್ಕೊಳ್ಳಿ’ ಎಂದು ವಾಪಸು ಕೊಡುತ್ತಾರೆ. ಮೇ ತಿಂಗಳಲ್ಲಿ ತೋಟಕ್ಕೆ ಬರುವ ಹಲಸಿನ ವ್ಯಾಪಾರಿಯ ಲೆಕ್ಕಾಚಾರವೂ ಹೀಗೇ. ಗಟ್ಟಿ ತೊಳೆಯ ಬಕ್ಕೆ ಮರಕ್ಕೆ ಮುಂಗಡ ಕೊಡುತ್ತಾನೆ, ಪಕ್ಕದ ಮೆತ್ತನೆ ತೊಳೆಯ ಬಿಳುವ ಮರವನ್ನು ತಿರುಗಿಯೂ ನೋಡುವುದಿಲ್ಲ. ಅದರ ಹಣ್ಣು ಬುಡದಲ್ಲೇ ಬಿದ್ದು ಒಡೆಯುತ್ತದೆ, ಇಲ್ಲವೇ ದನಗಳ ಪಾಲಾಗುತ್ತದೆ.

ವ್ಯಾಪಾರಿಗಳು ಬೇಡವೆಂದದ್ದೇ, ಹಳೇ ಬಟ್ಟೆಯ ಪದರಗಳನ್ನು ಒಟ್ಟಿಗೆ ಹೊಲಿದು ಮಾಡುವ ಕೌದಿಗೂ ಹಲಸಿನ ಕೇಕಿಗೂ ಬೇಕಾದದ್ದು. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ನೇಯ್ಗೆ ಬಿಗಿ. ನಾಲ್ಕೈದು ಪದರ ಒಟ್ಟಿಗೆ ಚುಚ್ಚುವಾಗ ಸೂಜಿ ಮುಂದೆ ಹೋಗುವುದಿಲ್ಲ, ಬೆರಳು ನೋಯುತ್ತದೆ. ಸವೆದ ಹತ್ತಿ ಸೂಜಿಗೆ ಸಲೀಸಾಗಿ ದಾರಿ ಬಿಡುತ್ತದೆ. ಹಾಗೆಯೇ ಬಕ್ಕೆಯ ತೊಳೆ ಕಚ್ಚಿ ತಿನ್ನುವುದಕ್ಕೆ ಸೊಗಸು, ಆದರೆ ಹಿಟ್ಟಿನಲ್ಲಿ ಕರಗುವುದಿಲ್ಲ. ಬಿಳುವದ್ದು ಕೈಯಲ್ಲಿ ಹಿಸುಕಿದರೂ ಸಾಕು, ರಸವಾಗುತ್ತದೆ. ಶಾಲೆಗೆ ರಜೆ, ಬಿಸಿಲಿಗೆ ಹೊರಗೆ ಹೋಗುವಂತಿಲ್ಲ ಎನ್ನುವ ಬೇಸಿಗೆಯ ದಿನಗಳಲ್ಲಿ ಎರಡನ್ನೂ ಮನೆಯಲ್ಲೇ ಮಾಡಿನೋಡಬಹುದು.

ಮೊದಲು ಬಟ್ಟೆ ಆರಿಸುವ ಕೆಲಸ. ಅಟ್ಟದ ಗಂಟು ಬಿಚ್ಚಿ ಪ್ರತಿಯೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿಯಿರಿ. ಎಳೆ ತೆಳುವಾಗಿ ಬಲೆಯಂತೆ ಕಂಡ ಕಡೆ ಎರಡೂ ಹೆಬ್ಬೆರಳಿಟ್ಟು ಎಳೆಯಿರಿ. ಚರ್ರನೆ ಹರಿದರೆ ಅದು ಮೇಲ್ಪದರಕ್ಕೆ ಬಾರದು, ಒಳಗಿನ ಪದರವಾಗಬಹುದು. ಹತ್ತಿಯೋ ಅಲ್ಲವೋ ಎಂಬ ಅನುಮಾನವಿದ್ದರೆ ಅಂಚಿನಿಂದ ಎರಡು ಎಳೆ ಕಿತ್ತು, ಸ್ಟೀಲ್ ತಟ್ಟೆಯ ಮೇಲೆ ಇಕ್ಕಳದಲ್ಲಿ ಹಿಡಿದು ಸುಟ್ಟುನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಬಿಟ್ಟು ಮೆತ್ತನೆಯ ಬೂದಿಯಾಗುತ್ತದೆ. ಕೃತಕ ನೂಲು ಕರಗಿ ಗಟ್ಟಿ ಮಣಿಯಾಗುತ್ತದೆ. ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ, ಅದನ್ನು ಹೊದ್ದರೆ ಸೆಕೆ. ಅದಕ್ಕಿಂತ ಹೆಚ್ಚಾಗಿ, ಒಲೆಯ ಹತ್ತಿರ ಅದು ಅಪಾಯ. ಬಣ್ಣ ಬಿಡುವ ಬಟ್ಟೆಯನ್ನು ಒದ್ದೆ ಬಿಳಿ ಚಿಂದಿಯಿಂದ ಉಜ್ಜಿ ಮೊದಲೇ ಪತ್ತೆ ಹಚ್ಚಬೇಕು. ಕೆಂಪು, ಕಡುನೀಲಿಯ ಮೇಲೆ ವಿಶೇಷ ಗುಮಾನಿ ಇರಲಿ. ಜರಿಯ ಅಂಚು ಮೈಗೆ ಚುಚ್ಚುತ್ತದೆ, ಕತ್ತರಿಸಿ ಬೇರೆ ಇಡಿ. ಅಜ್ಜಿಯ ಕಾಲದ ಅಸಲಿ ಜರಿಯಾಗಿದ್ದರೆ ಅದರಲ್ಲಿ ಬೆಳ್ಳಿ ಇರುತ್ತದೆ, ಬೀದಿಯಲ್ಲಿ ಕೂಗುತ್ತಾ ಬಂದವರಿಗೆ ಕೊಡುವ ಮೊದಲು ಪರಿಚಿತ ಅಕ್ಕಸಾಲಿಗರಿಗೆ ತೋರಿಸುವುದು ಜಾಣತನ.

ಸೂಜಿ ಹಿಡಿದು ಅಭ್ಯಾಸವಿಲ್ಲದವರು ನೇರವಾಗಿ ಕೌದಿಗೆ ಕೈಹಾಕುವುದಕ್ಕಿಂತ ಒಂದು ಮಸಿಬಟ್ಟೆಯಿಂದ ಶುರು ಮಾಡುವುದು ಒಳ್ಳೆಯದು. ಒಲೆಯ ಮೇಲಿನ ಬಿಸಿ ಪಾತ್ರೆ ಇಳಿಸಲು ಬಳಸುವ ಆ ಬಟ್ಟೆಗೆ ಅಂಗಡಿಯಲ್ಲಿ ದುಡ್ಡು ಕೊಡುವುದಕ್ಕೆ ಕಾರಣವೇ ಇಲ್ಲ. 8 ಇಂಚಿನ ಚೌಕಾಕಾರದ ಹತ್ತಿ ತುಂಡು ಆರು. ಹಳೆಯ ಟವೆಲ್ಲಿನ ತುಂಡೊಂದು ನಡುವೆ ಇದ್ದರೆ ಶಾಖ ತಡೆಯಲು ಅನುಕೂಲ. ಎಲ್ಲವನ್ನೂ ಒಂದರ ಮೇಲೊಂದು ಹರಡಿ, ಮೇಲಿನ ಮತ್ತು ಕೆಳಗಿನ ತುಂಡಿನ ಅಂಚನ್ನು ಒಳಗೆ ಮಡಚಿ, ಸುತ್ತಲೂ ಓಡು ಹೊಲಿಗೆ ಹಾಕಿ. ಆಮೇಲೆ ಅರ್ಧ ಇಂಚು ಒಳಗೆ ಇನ್ನೊಂದು ಸುತ್ತು, ಅದರೊಳಗೆ ಮತ್ತೊಂದು. ಹೀಗೆ ನಡುವಿಗೆ ಬರುವಷ್ಟರಲ್ಲಿ ಕೌದಿಯ ಹೊಲಿಗೆ ಅರ್ಧ ಕಲಿತಾಯಿತು. ಇನ್ನೂ ಚಿಂದಿ ಮಿಕ್ಕಿದ್ದರೆ ಮೂರು ಉದ್ದನೆಯ ಪಟ್ಟಿ ಮಾಡಿ ಜಡೆಯಂತೆ ಹೆಣೆದು, ಉಂಗುರವಾಗಿ ಸುತ್ತಿ ಹೊಲಿದರೆ ಸಿಂಬಿ. ಕೊಡ ಹೊರುವ ತಲೆಗಳು ಈಗ ಕಡಿಮೆ, ಆದರೆ ಬಿಸಿ ಪಾತ್ರೆಗಳು ಮೇಜಿನ ಮೇಲೆ ಕೂರುವುದು ತಪ್ಪಿಲ್ಲ.

ಕೌದಿ ಎಂದ ಕೂಡಲೇ ಉತ್ತರ ಕರ್ನಾಟಕ ನೆನಪಾಗುತ್ತದೆ. ಧಾರವಾಡ, ಬಾಗಲಕೋಟೆ, ವಿಜಯಪುರದ ಕಡೆ ಇಳಕಲ್ ಸೀರೆ ಉಟ್ಟು ಹಳತಾದ ಮೇಲೆ ಕೌದಿಯ ತಳವಾಗಿ ಎರಡನೆಯ ಬಾಳು ಶುರು ಮಾಡುತ್ತದೆ. ಮನೆಯಲ್ಲಿ ಹೊಲಿಯುವವರು ಇಲ್ಲದಿದ್ದರೆ ಬಟ್ಟೆ, ದಾರ ಕೊಟ್ಟು ಗೊಂದಳಿಗ ಸಮುದಾಯದ ಹೆಣ್ಣುಮಕ್ಕಳಿಂದ ಕೂಲಿಗೆ ಹೊಲಿಸುವ ರೂಢಿಯೂ ಇದೆ. ಬಾಣಂತನಕ್ಕೆ ತವರಿಗೆ ಬರುವ ಮಗಳಿಗಾಗಿ ಅವ್ವ ಮೊದಲೇ ಸಣ್ಣ ಕೌದಿ ಹೊಲಿದಿಡುವುದಿದೆ. ಎಳೆಗೂಸಿನ ಮೈಗೆ ಹೊಸ ಬಟ್ಟೆಗಿಂತ ನೂರು ಸಲ ಒಗೆದ ಹತ್ತಿಯೇ ಹಿತ.

ಆದರೆ ಕೌದಿಯನ್ನು ಕಲೆಯೆಂದು ಹೊರಜಗತ್ತು ಗುರುತಿಸಿದ್ದು ಹೆಚ್ಚಾಗಿ ಉತ್ತರ ಕನ್ನಡದ ಸಿದ್ದಿ ಮಹಿಳೆಯರ ಮೂಲಕ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಕಾಡಂಚಿನ ಊರುಗಳಲ್ಲಿ ನೆಲೆಸಿರುವ, ಆಫ್ರಿಕಾ ಮೂಲದ ಈ ಸಮುದಾಯದವರು ತಮ್ಮ ಕೌದಿಯನ್ನು ‘ಕವಂದಿ’ ಎನ್ನುತ್ತಾರೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳನ್ನು ಅಧ್ಯಯನ ಮಾಡಿ, ಅಮೆರಿಕದ ವಸ್ತುಸಂಗ್ರಹಾಲಯಗಳಿಗೆ ಒಯ್ದರು. 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಸಿದ್ದಿ ಕೌದಿಗಳ ಪ್ರದರ್ಶನ ನಡೆಯಿತು. ಯಲ್ಲಾಪುರದ ಜಗಲಿಯ ಮೇಲೆ ಹಾಸಿ ಮಲಗುವ ವಸ್ತು ಅಲ್ಲಿ ಗೋಡೆಗೇರಿತು.

ಸಿದ್ದಿ ಕೌದಿಯಲ್ಲಿ ಕಲಿಯಬೇಕಾದ್ದು ಅದರ ಹೊಲಿಯುವ ಕ್ರಮ. ಮೊದಲೇ ಚಿತ್ರ ಬರೆದು, ತುಂಡು ಅಳೆದು ಕತ್ತರಿಸುವ ಪದ್ಧತಿ ಅಲ್ಲಿಲ್ಲ. ತಳದ ಸೀರೆಯನ್ನು ನೆಲಕ್ಕೆ ಹರಡಿ ಒಂದು ಮೂಲೆಯಿಂದ ಹೊಲಿಗೆ ಆರಂಭ. ಅಂಚಿನುದ್ದಕ್ಕೂ ಸಾಗುತ್ತಾ, ಎದುರಿಗೆ ಸಿಕ್ಕ ತುಂಡನ್ನು ಇಟ್ಟು, ಅದರ ಬಾಯಿ ಮಡಚಿ, ಹೊಲಿಯುತ್ತಾ ಮುಂದಿನ ತುಂಡಿಗೆ ಹೋಗುತ್ತಾರೆ. ನಾಲ್ಕೂ ಮೂಲೆ ಸುತ್ತಿ ಬಂದ ಮೇಲೆ ಒಳಗಿನ ಸುತ್ತು, ಅದರೊಳಗಿನ ಸುತ್ತು. ಕೊನೆಗೆ ನಡುವೆ ಉಳಿದ ಜಾಗಕ್ಕೆ ಕೊನೆಯ ತುಂಡು. ಕೆಂಪಿನ ಪಕ್ಕ ಹಳದಿಯೋ ಹಸಿರೋ ಎಂಬುದು ಆ ಕ್ಷಣದ ತೀರ್ಮಾನ. ಮುಗಿದ ಮೇಲೆ ಬಟ್ಟೆಯನ್ನು ಹಲವು ಮಡಿಕೆಯ ತ್ರಿಕೋನ ಮಾಡಿ ನಾಲ್ಕು ಮೂಲೆಗೂ ಹೊಲಿಯುತ್ತಾರೆ. ಅದಕ್ಕೆ ‘ಫೂಲ’ ಎಂದು ಹೆಸರು. ಅದಿಲ್ಲದ ಕವಂದಿ ಬತ್ತಲೆ ಎಂಬುದು ಅವರ ಭಾವನೆ. ಅಂಗಡಿಯ ಯಂತ್ರಹೊಲಿಗೆಯ ‘ಪ್ಯಾಚ್‌ವರ್ಕ್’ ಚಾದರಗಳು ಎಷ್ಟೇ ಅಚ್ಚುಕಟ್ಟಾಗಿದ್ದರೂ ಈ ಧೈರ್ಯದ ಬಣ್ಣಗಾರಿಕೆ ಅವುಗಳಿಗಿಲ್ಲ.

ಮನೆಯಲ್ಲಿ ಹೊಲಿಯುವವರಿಗೆ ಅಳತೆಯ ಲೆಕ್ಕ ಸುಲಭ. ಸಾಮಾನ್ಯ ಸೀರೆ ಐದೂವರೆ ಮೀಟರ್ ಉದ್ದ, ಸುಮಾರು 45 ಇಂಚು ಅಗಲ. ಉದ್ದಕ್ಕೆ ಮೂರು ಮಡಿಕೆ ಮಾಡಿದರೆ 6 ಅಡಿಯ ಮೂರು ಪದರ ಸಿಗುತ್ತದೆ; ಒಬ್ಬರು ಹೊದೆಯುವ ಕೌದಿಗೆ ತಳವೂ ಒಳಪದರವೂ ಒಂದೇ ಸೀರೆಯಲ್ಲಿ ಮುಗಿಯಿತು. ಮೇಲ್ಪದರದ ತುಂಡುಗಳಿಗೆ ಶರ್ಟು, ಲಂಗ, ದಿಂಬಿನ ಚೀಲ, ಚೂಡಿದಾರ್ ಏನಾದರೂ ಸರಿ, ಒಟ್ಟಿನಲ್ಲಿ ಹತ್ತಿಯಾಗಿರಬೇಕು. ಮೊದಲ ಪ್ರಯತ್ನಕ್ಕೆ ಮಗುವಿನ ಅಳತೆ ಸಾಕು: 3 ಅಡಿ ಉದ್ದ, ಸೀರೆಯ ಅಗಲವೇ ಅಗಲ.

ಕೆಲಸ ನೆಲದ ಮೇಲೇ ಆಗಬೇಕು, ಮಂಚದ ಮೇಲೆ ಹರಡಿದರೆ ಪದರಗಳು ಕುಸಿದು ಸುಕ್ಕಾಗುತ್ತವೆ. ಮೂಲೆಗಳಿಗೆ ಭಾರ ಇಟ್ಟು, ಅಂಗೈಯಿಂದ ನಡುವಿನಿಂದ ಹೊರಗೆ ಸವರಿ, ಉದ್ದುದ್ದ ಕಚ್ಚಾ ಹೊಲಿಗೆಯಿಂದ ಪದರಗಳನ್ನು ತಾತ್ಕಾಲಿಕವಾಗಿ ಹಿಡಿದಿಡಿ. ಮಿಷನ್ ದಾರ ಇದಕ್ಕೆ ಸಣ್ಣದಾಯಿತು. ದಪ್ಪ ಹತ್ತಿ ದಾರ ಬೇಕು, ಇಲ್ಲವೇ ಮಿಷನ್ ದಾರವನ್ನೇ ನಾಲ್ಕೆಳೆ ಮಾಡಬಹುದು. ಎಳೆಯನ್ನು ಮೊಳಕ್ಕಿಂತ ತುಸು ಉದ್ದ ತೆಗೆದುಕೊಂಡರೆ ಸಾಕು, ಉದ್ದ ಹೆಚ್ಚಿದಷ್ಟೂ ಗಂಟು ಬೀಳುತ್ತದೆ. ದಾರವನ್ನು ಮೇಣದ ಬತ್ತಿಯ ಮೇಲೆ ಒಮ್ಮೆ ಎಳೆದರೆ ಜಾರುತ್ತದೆ. ಕಾಲು ಇಂಚಿನ ಟಾಕು, ಸಾಲಿನಿಂದ ಸಾಲಿಗೆ ಅರ್ಧದಿಂದ ಒಂದು ಇಂಚು ಅಂತರ. ಸಾಲು ಹತ್ತಿರವಾದಷ್ಟೂ ಕೌದಿ ಗಟ್ಟಿ, ಆದರೆ ಕೆಲಸವೂ ಅಷ್ಟೇ ದೀರ್ಘ. ದಾರ ಬಿಗಿದು ಎಳೆಯುವ ಚಟ ಹೊಸಬರಿಗೆಲ್ಲ ಇರುತ್ತದೆ, ಅದರಿಂದ ಕೌದಿ ಬಟ್ಟಲಿನಂತೆ ಬಾಗುತ್ತದೆ. ಪ್ರತಿ ಸಾಲು ಮುಗಿದಾಗ ತಳ ತಿರುಗಿಸಿ ನೋಡಿ, ಸುಕ್ಕು ಕಂಡರೆ ಅಲ್ಲೇ ಬಿಚ್ಚುವುದು ಮೇಲು. ಸಾಲು ಸ್ವಲ್ಪ ಓರೆಯಾದರೆ ಬಿಡಿ. ಕೌದಿಯಲ್ಲಿ ಅದನ್ನು ಯಾರೂ ತಪ್ಪು ಎನ್ನುವುದಿಲ್ಲ. ದಿನಕ್ಕೊಂದು ಗಂಟೆ ಕೂತರೂ ಇದು ಕೆಲವು ವಾರಗಳ ಕೆಲಸ. ಒಂದು ಎಚ್ಚರಿಕೆ: ಮೊದಲ ಸಲ ಒಗೆಯುವುದನ್ನು ಮಳೆಗಾಲಕ್ಕೆ ಮುಂದೂಡಬೇಡಿ. ನೀರು ಕುಡಿದ ಕೌದಿಯನ್ನು ಇಬ್ಬರು ಹಿಡಿದು ಎತ್ತಬೇಕು, ಜೂನಿನಲ್ಲಿ ಅದು ವಾರವಾದರೂ ಒಣಗುವುದಿಲ್ಲ, ಮುಗ್ಗಲು ವಾಸನೆ ಹಿಡಿಯುತ್ತದೆ.

ಇನ್ನು ಹಲಸು. ಈ ಹಣ್ಣಿಗೆ ಈಚೆಗೆ ಸ್ವಲ್ಪ ಮರ್ಯಾದೆ ಬಂದಿದೆ. ಕೇರಳ 2018ರಲ್ಲಿ ಇದನ್ನು ರಾಜ್ಯದ ಹಣ್ಣೆಂದು ಘೋಷಿಸಿತು. ಗುಬ್ಬಿ ತಾಲೂಕಿನ ಚೇಳೂರು ಹೋಬಳಿಯ ರೈತ ಕುಟುಂಬವೊಂದರ ತೋಟದಲ್ಲಿದ್ದ ತಾಮ್ರಗೆಂಪು ತೊಳೆಯ ಮರವನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಗುರುತಿಸಿ, ‘ಸಿದ್ದು’ ಎಂಬ ಹೆಸರಿನಲ್ಲಿ ಕಸಿ ಗಿಡಗಳಾಗಿ ಹರಡಿತು. ಅದರ ಹಣ್ಣು ಸರಾಸರಿ ಎರಡೂವರೆ ಕಿಲೋ ಆಸುಪಾಸು, ಸಣ್ಣ ಸಂಸಾರಕ್ಕೆ ಹೇಳಿ ಮಾಡಿಸಿದ ಗಾತ್ರ. ‘ಅಡಿಕೆ ಪತ್ರಿಕೆ’ಯ ಸಂಪಾದಕ ಶ್ರೀಪಡ್ರೆಯವರು ಹಲಸಿನ ಬಳಕೆಯ ಬಗ್ಗೆ ವರ್ಷಗಳಿಂದ ಬರೆಯುತ್ತ, ಬರೆಸುತ್ತ ಬಂದಿದ್ದಾರೆ. ಇಷ್ಟಾದರೂ ಮಾರುಕಟ್ಟೆಯ ಪ್ರೀತಿಯೆಲ್ಲ ಗಟ್ಟಿ ತೊಳೆಯ ಹಣ್ಣಿಗೇ. ಮಲೆನಾಡಿನವರು ಬಿಳುವ, ಕರಾವಳಿಯವರು ತುಳುವ ಎನ್ನುವ ಮೆತ್ತನೆಯ ಹಣ್ಣು ಸಾಗಣೆಗೂ ತಡೆಯದು, ಬಿಡಿಸಿ ಪೊಟ್ಟಣ ಕಟ್ಟಲೂ ಬಾರದು. ತೋಟದವರ ಪರಿಚಯವಿದ್ದರೆ ಪುಕ್ಕಟೆಯಾಗಿಯೇ ಸಿಗಬಹುದು.

ಕರಾವಳಿಯ ಅಡುಗೆಮನೆಗಳು ಇದನ್ನು ಬಿಟ್ಟವಲ್ಲ. ಬಾಳೆಯೆಲೆಯಲ್ಲಿ ಬೇಯಿಸುವ ಗಟ್ಟಿ, ಕಡುಬು, ಎಣ್ಣೆಯಲ್ಲಿ ಕರಿಯುವ ಮುಳ್ಕ ಎಲ್ಲವೂ ಮೆತ್ತನೆಯ ತೊಳೆಯವೇ. ಕೊಂಕಣಿ ಮನೆಗಳಲ್ಲಿ ಧೋಂಡಸ್ ಎಂಬ ಸಿಹಿಯಿದೆ: ಸೌತೆ ಅಥವಾ ಹಲಸಿಗೆ ರವೆ, ಬೆಲ್ಲ, ತೆಂಗು ಕಲಸಿ ದಪ್ಪ ತಳದ ಪಾತ್ರೆಗೆ ಸುರಿದು, ಕೆಳಗೆ ಸಣ್ಣ ಉರಿ, ಮುಚ್ಚಳದ ಮೇಲೆ ಕೆಂಡ ಇಟ್ಟು ಬೇಯಿಸುತ್ತಿದ್ದರು. ಮೊಟ್ಟೆ, ಮೈದಾ ಎರಡೂ ಇಲ್ಲ. ವಿದ್ಯುತ್ ಒಲೆ ಬರುವುದಕ್ಕೆ ಎಷ್ಟೋ ಮೊದಲೇ ನಮ್ಮಲ್ಲಿ ಇದ್ದ ಕೇಕು ಇದು. ಕೆಳಗಿನ ವಿಧಾನಕ್ಕೆ ಅದೇ ಆಧಾರ.

ಹಣ್ಣು ಚೆನ್ನಾಗಿ ಕಳಿತಿರಬೇಕು. ಮುಳ್ಳುಗಳು ಚಪ್ಪಟೆಯಾಗಿ ದೂರದೂರ ಸರಿದಿದ್ದು, ತಟ್ಟಿದರೆ ಪೊಳ್ಳು ಸದ್ದು, ಹತ್ತಿರ ಹೋದರೆ ಪರಿಮಳ. ಮಳೆ ಹಿಡಿದ ಮೇಲೆ ಬಂದ ಹಣ್ಣು ನೀರಾಗಿ ಸಪ್ಪೆ ಎನಿಸುತ್ತದೆ, ಆದ್ದರಿಂದ ಈ ಕೇಕಿಗೆ ಏಪ್ರಿಲ್, ಮೇ ತಿಂಗಳೇ ಪ್ರಶಸ್ತ. ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಂಡರೆ ಮೇಣ ಅಂಟುವುದಿಲ್ಲ. ಅಂಟಿದ ಮೇಲೆ ನೀರು ಹಾಕಿ ಉಜ್ಜುವುದು ದಂಡ, ಅದಕ್ಕೂ ಎಣ್ಣೆಯೇ ಮದ್ದು. ತೊಳೆ ಬಿಡಿಸಿ, ಬೀಜ ತೆಗೆದು, ತೂತಿರುವ ಸ್ಟೀಲ್ ಬುಟ್ಟಿಯಲ್ಲಿಟ್ಟು ಕೈಯಿಂದ ತಿಕ್ಕಿದರೆ ನಾರು ಮೇಲುಳಿದು ರಸ ಕೆಳಗಿಳಿಯುತ್ತದೆ. ಮಿಕ್ಸಿಗೆ ಹಾಕಿದರೆ ನಾರೂ ಅರೆದು ಸೇರಿಕೊಂಡು ಬಾಯಿಗೆ ಸಿಗುತ್ತದೆ.

9 ಇಂಚಿನ ಪಾತ್ರೆಗೆ ಅಳತೆ ಹೀಗೆ: ಹಲಸಿನ ರಸ 2 ಕಪ್, ಸಣ್ಣ ರವೆ 2 ಕಪ್, ಪುಡಿ ಬೆಲ್ಲ 1 ಕಪ್, ತೆಂಗಿನ ತುರಿ ಅರ್ಧ ಕಪ್, ಗಟ್ಟಿ ಕಾಯಿಹಾಲು ಅರ್ಧ ಕಪ್, ತುಪ್ಪ ಅರ್ಧ ಕಪ್, ನಾಲ್ಕೈದು ಏಲಕ್ಕಿಯ ಪುಡಿ, ಎರಡು ಚಿಟಿಕೆ ಉಪ್ಪು, ಬೇಕಿಂಗ್ ಪೌಡರ್ ಒಂದೂವರೆ ಚಮಚ, ಅಡುಗೆ ಸೋಡಾ ಕಾಲು ಚಮಚ, ಮೇಲೆ ಹರಡಲು ಗೋಡಂಬಿ. ಚಮಚವೆಂದರೆ ಟೀ ಚಮಚ. ಹಣ್ಣು ತುಂಬಾ ಸಿಹಿಯಿದ್ದರೆ ಬೆಲ್ಲವನ್ನು ಮುಕ್ಕಾಲು ಕಪ್ಪಿಗೆ ಇಳಿಸಿ, ಉಪ್ಪನ್ನು ಮಾತ್ರ ಬಿಡಬೇಡಿ.

ರವೆಯನ್ನು ಎರಡು ಚಮಚ ತುಪ್ಪದಲ್ಲಿ ಘಮ ಬರುವವರೆಗೆ ಹುರಿಯಿರಿ, ಬಣ್ಣ ತಿರುಗುವ ಮೊದಲೇ ಇಳಿಸಿ. ಬೆಲ್ಲಕ್ಕೆ ಕಾಲು ಕಪ್ ನೀರು ಹಾಕಿ ಕರಗಿಸಿದರೆ ಸಾಕು, ಪಾಕ ಬರಬಾರದು. ಸೋಸಿ ಕಲ್ಲು, ಕಸ ತೆಗೆದು ಆರಲು ಬಿಡಿ. ರಸ, ಬೆಲ್ಲದ ನೀರು, ಕಾಯಿಹಾಲು, ತುರಿ, ಉಳಿದ ತುಪ್ಪ, ಉಪ್ಪು, ಏಲಕ್ಕಿ ಎಲ್ಲವನ್ನೂ ರವೆಗೆ ಕಲಸಿ ಮುಕ್ಕಾಲು ಗಂಟೆ ಮುಚ್ಚಿಡಿ. ಈ ಬಿಡುವನ್ನು ಕಡಿತ ಮಾಡಿದರೆ ರವೆ ಹೊಟ್ಟೆ ತುಂಬ ನೀರು ಕುಡಿಯದೆ ಕೇಕು ಪುಡಿಪುಡಿಯಾಗುತ್ತದೆ. ನೆನೆದ ಹಿಟ್ಟು ಇಡ್ಲಿ ಹಿಟ್ಟಿನ ಹದಕ್ಕೆ ಬರಬೇಕು, ಗಟ್ಟಿಯೆನಿಸಿದರೆ ಸ್ವಲ್ಪ ಹಾಲು. ಬೇಕಿಂಗ್ ಪೌಡರ್, ಸೋಡಾ ಕೊನೆಗೆ, ಒಲೆ ಬಿಸಿಯಾದ ಮೇಲೆ. ಪಾತ್ರೆಗೆ ತುಪ್ಪ ಸವರಿ, ಉರಿಯ ಮೇಲೆ ಬಾಡಿಸಿದ ಬಾಳೆಯೆಲೆ ಹಾಸಿದರೆ ಬೆಣ್ಣೆ ಕಾಗದದ ಹಂಗಿಲ್ಲ, ಜೊತೆಗೆ ಎಲೆಯ ಕಂಪು ತಳಕ್ಕೆ ಇಳಿಯುತ್ತದೆ. ಅರಿಸಿನ ಎಲೆ ಇನ್ನೂ ಸೊಗಸು, ಆದರೆ ಅದು ಚಿಗುರುವ ಹೊತ್ತಿಗೆ ಹಲಸಿನ ಕಾಲ ಮುಗಿಯುತ್ತಾ ಬಂದಿರುತ್ತದೆ.

ಅವನ್ ಇದ್ದವರು 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 45ರಿಂದ 50 ನಿಮಿಷ ಬೇಯಿಸಲಿ. ಇಲ್ಲದವರು ಅಟ್ಟದ ಕಡೆಗೇ ಇನ್ನೊಮ್ಮೆ ಕಣ್ಣು ಹಾಯಿಸಲಿ. ರಬ್ಬರ್ ಹೋದ, ಸೀಟಿ ಕಳೆದ, ದಪ್ಪ ತಳದ ಹಳೆಯ ಕುಕ್ಕರ್ ಅಲ್ಲಿ ಇದ್ದೇ ಇರುತ್ತದೆ. ದಿನಬಳಕೆಯ ಕುಕ್ಕರನ್ನು ನೀರಿಲ್ಲದೆ ಕಾಯಿಸಿದರೆ ಅದು ಹಾಳಾಗುತ್ತದೆ. ನಿವೃತ್ತಿಯಾದದ್ದಕ್ಕೆ ಆ ಚಿಂತೆಯಿಲ್ಲ. ತಳಕ್ಕೆ ಒಂದು ಇಂಚು ಕಲ್ಲುಪ್ಪು ಹರಡಿ, ಮೇಲೊಂದು ಸಣ್ಣ ಸ್ಟ್ಯಾಂಡ್ ಇಟ್ಟು, ರಬ್ಬರ್ ಮತ್ತು ವೆಯ್ಟ್ ಇಲ್ಲದೆ ಮುಚ್ಚಿ 10 ನಿಮಿಷ ಕಾಯಿಸಿ. ಆಮೇಲೆ ಹಿಟ್ಟಿನ ಪಾತ್ರೆ ಇಳಿಸಿ, ಸಣ್ಣ ಉರಿಯಲ್ಲಿ ಸುಮಾರು ಒಂದು ಗಂಟೆ. ಇದರೊಳಗೆ 9 ಇಂಚಿನ ಪಾತ್ರೆ ಹಿಡಿಯದು, ಅಳತೆಯನ್ನೆಲ್ಲ ಅರ್ಧ ಮಾಡಿ 6 ಇಂಚಿನದರಲ್ಲಿ ಹಾಕಿದರೆ 40 ನಿಮಿಷದಿಂದಲೇ ನೋಡತೊಡಗಬಹುದು. ಕಡ್ಡಿ ಚುಚ್ಚಿದರೆ ಹಿಟ್ಟು ಅಂಟಬಾರದು. ಕುಕ್ಕರಿನ ಕೇಕಿನ ನೆತ್ತಿ ಬಿಳಿಚಿಕೊಂಡಿರುತ್ತದೆ. ಹಿಂದಿನವರ ಕೆಂಡದ ಉಪಾಯವನ್ನೇ ಇಲ್ಲಿ ಬೇರೆ ರೀತಿ ಮಾಡಬಹುದು: ದೋಸೆಯ ಕಬ್ಬಿಣದ ಹಂಚನ್ನು ಇನ್ನೊಂದು ಒಲೆಯಲ್ಲಿ ಚೆನ್ನಾಗಿ ಕಾಯಿಸಿ, ಬೆಂದ ಕೇಕಿನ ಪಾತ್ರೆಯ ಬಾಯಿಗೆ ಐದು ನಿಮಿಷ ಕವುಚಿಡಿ. ಗೋಡಂಬಿ ಕೆಂಪಗಾಗುತ್ತದೆ. ಹೊಲಿದಿಟ್ಟ ಮಸಿಬಟ್ಟೆ ಒಂದಲ್ಲ, ಎರಡು ಬೇಕೆನಿಸುವುದು ಈ ಹೊತ್ತಿಗೆ.

ಬಿಸಿಯಲ್ಲಿ ಕತ್ತರಿಸಬಾರದು. ಪಾತ್ರೆಯನ್ನು ಸಿಂಬಿಯ ಮೇಲಿಟ್ಟು ಪೂರ್ತಿ ಆರಲು ಎರಡು ಗಂಟೆ ಕೊಟ್ಟರೆ ತುಂಡು ನೀಟಾಗಿ ಬರುತ್ತದೆ. ಮರುದಿನ ರುಚಿ ಇನ್ನೂ ಕೂಡಿಕೊಂಡಿರುತ್ತದೆ. ಆದರೆ ತೆಂಗು ಸೇರಿರುವುದರಿಂದ ಬೇಸಿಗೆಯಲ್ಲಿ ಹೊರಗೆ ಒಂದು ದಿನಕ್ಕಿಂತ ಹೆಚ್ಚು ಇಡುವಂತಿಲ್ಲ. ಫ್ರಿಜ್ಜಿನಲ್ಲಿ ನಾಲ್ಕು ದಿನ. ತಣ್ಣಗಿನ ತುಂಡನ್ನು ತುಪ್ಪ ಸವರಿದ ಕಾವಲಿಯಲ್ಲಿ ಎರಡೂ ಬದಿ ಬೆಚ್ಚಗೆ ಮಾಡಿದರೆ ಅಂಚು ಗರಿಗರಿ.

ಹಲಸು ಸಿಗದ ಊರಿನಲ್ಲಿ ಮಾವಿನದೇ ರಸ ಹಾಕಬಹುದು. ಕಪ್ಪು ಚುಕ್ಕೆ ಬಿದ್ದು ಅತಿಯಾಗಿ ಕಳಿತ ರಸಪುರಿಯನ್ನು ತಳ್ಳುಗಾಡಿಯವರು ಸಂಜೆ ಹೊತ್ತಿಗೆ ಅಗ್ಗಕ್ಕೆ ಕೊಡುತ್ತಾರೆ. ಕೊಳೆತ ಭಾಗ ಕತ್ತರಿಸಿ ಬಿಸಾಡಿ, ಹುಳಿಯ ಅಂಶ ನೋಡಿಕೊಂಡು ಬೆಲ್ಲ ಹೆಚ್ಚಿಸಿ. ಮಾವಿನ ರಸ ತೆಳುವಾದ್ದರಿಂದ ಕಾಯಿಹಾಲು ಅರ್ಧಕ್ಕೆ ಇಳಿಯಬೇಕು.

ಉಳಿದ ಹಲಸಿನ ಬೀಜವನ್ನು ತೊಳೆದು ನೆರಳಲ್ಲಿ ಎರಡು ದಿನ ಒಣಗಿಸಿ. ಕೇಕು ಇಳಿಸಿದ ಮೇಲೂ ಕುಕ್ಕರಿನ ಉಪ್ಪು ಅರ್ಧ ಗಂಟೆ ಕಾದೇ ಇರುತ್ತದೆ. ಮುಂದಿನ ಸಲ ಕೇಕು ಮಾಡುವ ದಿನ ಒಣಗಿದ ಬೀಜಗಳಿಗೆ ಚಾಕುವಿನಿಂದ ಒಂದೊಂದು ಗೀರು ಹಾಕಿ ಆ ಉಪ್ಪಿನಲ್ಲಿ ಹೂತು, ಸಣ್ಣ ಉರಿ ಮತ್ತೆ ಹಚ್ಚಿ 20 ನಿಮಿಷ ಬಿಡಿ. ಗೀರು ಹಾಕದಿದ್ದರೆ ಸಿಡಿಯುತ್ತವೆ. ಸಿಪ್ಪೆ ತಾನಾಗಿ ಬಿಟ್ಟುಕೊಳ್ಳುತ್ತದೆ, ಉಪ್ಪು ಹದವಾಗಿ ಹತ್ತಿರುತ್ತದೆ. ಕಪ್ಪಾದ ಉಪ್ಪನ್ನು ಡಬ್ಬಿಯಲ್ಲಿ ತುಂಬಿ ಅದೇ ಕುಕ್ಕರಿನೊಳಗೆ ಇಡಿ. ಅಡುಗೆಗೆ ಬಾರದಿದ್ದರೂ ಮುಂದಿನ ವರ್ಷದ ಕೇಕಿಗೆ ಆಗುತ್ತದೆ.